ಗಲ್ಲಿಯಲ್ಲಿ ನಿಲ್ಲೋಕೆ ಕಲಿತಿದ್ದು

ಕಾರವಾರದ ಕೋಡಿಬಾಗದಲ್ಲಿ ನಾವು ಹುಡುಗರಾಗಿದ್ದಾಗ ಗಲ್ಲಿ ಅನ್ನೋ ಮಾತಿಗೆ ಒಂದೇ ಅರ್ಥ ಇತ್ತು. ಎರಡು ಮನೆಗಳ ಚಿರೇಕಲ್ಲಿನ ಗೋಡೆಗಳ ನಡುವೆ ಹೋಗುವ ಓಣಿ. ಅಲ್ಲಿ ಆಡಿದರೆ ಗಲ್ಲಿ ಕ್ರಿಕೆಟ್. ಮೈದಾನದಲ್ಲೂ ಅದೇ ಹೆಸರಿನ ಒಂದು ಜಾಗ ಇದೆ, ಅಲ್ಲಿ ಒಬ್ಬ ಫೀಲ್ಡರ್ ನಿಲ್ಲುತ್ತಾನೆ ಅಂತ ಗೊತ್ತಾಗಿದ್ದು ಪೇಪರಿನಲ್ಲಿ ಬಂದ ಒಂದು ಚಿತ್ರದಿಂದ. ಮೊಟ್ಟೆಯಾಕಾರದ ಮೈದಾನ, ನಡುವೆ ಪಿಚ್, ಸುತ್ತ ಚುಕ್ಕೆಗಳು, ಒಂದೊಂದು ಚುಕ್ಕೆಗೆ ಒಂದೊಂದು ಹೆಸರು. ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ಸ್ಲಿಪ್, ಗಲ್ಲಿ, ಪಾಯಿಂಟ್, ಕವರ್ ಅಂತ ಮಗ್ಗಿ ಹೇಳಿದ ಹಾಗೆ ಬಾಯಿಪಾಠ ಮಾಡಿದ್ದೆ.

ಎರಡೂ ಗಲ್ಲಿ ಬೇರೆ ಬೇರೆ ಅಂತ ಆಮೇಲೆ ತಿಳಿಯಿತು. ನಮ್ಮ ಓಣಿಯ ಗಲ್ಲಿ ಹಿಂದಿಯಿಂದ ಬಂದಿದ್ದು. ಫೀಲ್ಡಿಂಗಿನ ಗಲ್ಲಿ ಇಂಗ್ಲಿಷಿನದು, ನೀರು ಹರಿದು ಕೊರೆದ ಸಣ್ಣ ಕೊರಕಲಿಗೆ ಅಲ್ಲಿ ಹಾಗೆ ಹೇಳುತ್ತಾರೆ. ನಮ್ಮ ಗುಡ್ಡಗಳಲ್ಲಿ ಮಳೆಗಾಲದ ನೀರು ಕೆಮ್ಮಣ್ಣು ಕೊರೆದು ಮಾಡುತ್ತದಲ್ಲ, ಅಂಥದ್ದು. ನೂರು ವರ್ಷಕ್ಕಿಂತ ಹಿಂದೆ ನಾಟಿಂಗ್‌ಹ್ಯಾಮ್‌ಶೈರ್ ತಂಡಕ್ಕೆ ಆಡಿದ, 1907-08ರಲ್ಲಿ ಇಂಗ್ಲೆಂಡ್ ತಂಡವನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದ ಆರ್ಥರ್ ಜೋನ್ಸ್ ಈ ಜಾಗವನ್ನು ರೂಢಿಗೆ ತಂದವರು ಅಂತ ಹೇಳುತ್ತಾರೆ. ಹೆಸರು ಮಾತ್ರ ತುಂಬಾ ಸರಿಯಾಗಿದೆ. ವಿಕೆಟ್ ಕೀಪರ್ ಪಕ್ಕದ ಸ್ಲಿಪ್‌ಗೂ ಬ್ಯಾಟ್ಸ್‌ಮನ್ನಿಗೆ ನೇರ ಪಕ್ಕದ ಪಾಯಿಂಟ್‌ಗೂ ನಡುವಿನ ಸಂದಿಯಲ್ಲಿ ಚೆಂಡು ನುಸುಳುವುದು ಕೊರಕಲಲ್ಲಿ ನೀರು ನುಸುಳಿದ ಹಾಗೇ, ತಡೆಯುವಷ್ಟರಲ್ಲಿ ಮುಂದೆ ಹೋಗಿರುತ್ತದೆ.

ನಾನು ಹನ್ನೊಂದು ವರ್ಷ ಅಲ್ಲೇ ನಿಂತೆ. ಮೊದಲ ಎರಡು ವರ್ಷ ತಪ್ಪಾಗಿ ನಿಂತೆ. ಆ ಎರಡು ವರ್ಷದಲ್ಲಿ ಏನು ತಪ್ಪಿತ್ತು, ಆಮೇಲೆ ಅದು ಹೇಗೆ ಸರಿಯಾಯಿತು ಅಂತ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು. ಬ್ಯಾಟಿಂಗ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇಂಥ ಒಂದು ಜಾಗದ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಹೊಸ ಹುಡುಗರನ್ನು ಸುಮ್ನೆ ಕೈ ತೋರಿಸಿ ಅಲ್ಲಿ ನಿಲ್ಲಿಸುತ್ತಾರೆ.

ಕಡಲ ಬದಿಯ ಹುಡುಗರಿಗೆ ಗಲ್ಲಿ ಗೊತ್ತಿಲ್ಲದೇ ಇರುವುದಕ್ಕೆ ಒಂದು ಕಾರಣ ಇದೆ. ನಾವು ಆಡಿ ಬೆಳೆದಿದ್ದು ಟೆನಿಸ್ ಬಾಲಿನಲ್ಲಿ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮರಳು ಗಟ್ಟಿಯಾಗಿರುತ್ತದೆ, ಆಗ ಬೀಚಿನಲ್ಲಿ ಸ್ಟಂಪ್ ನೆಡುತ್ತಿದ್ದೆವು. ಟೆನಿಸ್ ಬಾಲ್ ಬ್ಯಾಟಿನ ಅಂಚಿಗೆ ತಾಗಿದರೆ ಬಲ ಕಳೆದುಕೊಂಡು ಅಲ್ಲೇ ಬೀಳುತ್ತದೆ, ಇಲ್ಲವೇ ಮೇಲೆ ತೇಲುತ್ತದೆ. ಹಾಗಾಗಿ ಸ್ಲಿಪ್ ಬೇಡ, ಗಲ್ಲಿ ಬೇಡ. ಇದ್ದವರೆಲ್ಲ ದೂರ ನಿಂತು ಬೌಂಡರಿ ಕಾಯುವುದು. ಒಬ್ಬ ಮಾತ್ರ ಪಾಯಿಂಟಿನಲ್ಲಿ. ಚೆಂಡು ನೋಡು, ಓಡು, ಹಿಡಿ, ಎಸೆ. ನಮ್ಮ ಕಣ್ಣು ಪಳಗಿದ್ದು ಹಾಗೆ. ಬೌಲರ್ ಕೈಯಿಂದ ಚೆಂಡು ಹೊರಟಾಗಿನಿಂದ ಅದರ ಹಿಂದೆಯೇ ಕಣ್ಣು ಹೋಗುತ್ತಿತ್ತು.

ಕಾಲೇಜಿಗೆ ಬಂದ ಮೇಲೆ ಲೆದರ್ ಬಾಲ್ ಕೈಗೆ ಬಂತು. ತಂಡದಲ್ಲಿ ಕೈ ಗಟ್ಟಿ ಇದ್ದವರು ಸ್ಲಿಪ್‌ಗೆ ಹೋದರು, ಕಾಲು ಚುರುಕು ಇದ್ದವರು ಕವರ್ ಮತ್ತು ಪಾಯಿಂಟಿಗೆ ಹೋದರು. ಉಳಿದ ಜಾಗ ಗಲ್ಲಿ. ನಾನು ಹೋಗಿ ಚಿತ್ರದಲ್ಲಿ ಚುಕ್ಕೆ ಇದ್ದ ಕಡೆ ನಿಂತೆ. ಬೌಲರ್ ಯಾರೇ ಇರಲಿ, ಬ್ಯಾಟ್ಸ್‌ಮನ್ ಯಾರೇ ಇರಲಿ, ಅದೇ ಜಾಗ, ಅಷ್ಟೇ ದೂರ. ಚಿತ್ರದಲ್ಲಿ ಚುಕ್ಕೆ ಅಲುಗಾಡುತ್ತಿರಲಿಲ್ಲ, ನಾನೂ ಅಲುಗಾಡಲಿಲ್ಲ.

ತಪ್ಪು ಎದ್ದು ಕಂಡಿದ್ದು ಶಿರಸಿಯಲ್ಲಿ. ಡಿಸೆಂಬರ್ ತಿಂಗಳು, ನಾವು ಬೆಳಿಗ್ಗೆ ನಾಲ್ಕೂವರೆಗೆ ಟೆಂಪೋ ಮಾಡಿಕೊಂಡು ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದ್ದೆವು. ಕೆಳಗೆ ಸೆಕೆ, ಮೇಲೆ ಹೋದ ಹಾಗೆ ಚಳಿ. ಮೈದಾನದಲ್ಲಿ ಇನ್ನೂ ಇಬ್ಬನಿ ಇತ್ತು. ಗಟ್ಟಿ ಕೆಂಪು ನೆಲದ ಮೇಲೆ ಮ್ಯಾಟ್ ಹಾಸಿ ಮೊಳೆ ಹೊಡೆದಿದ್ದರು. ಮ್ಯಾಟ್ ಮೇಲೆ ಚೆಂಡು ಪುಟಿಯುವುದು ಬೇರೆ ಥರ. ನಾವು ಆಡುತ್ತಿದ್ದ ನೆಲದಲ್ಲಿ ತೊಡೆ ಮಟ್ಟಕ್ಕೆ ಬರುವ ಚೆಂಡು ಅಲ್ಲಿ ಎದೆ ಮಟ್ಟಕ್ಕೆ ಬರುತ್ತದೆ. ಎದೆ ಮಟ್ಟಕ್ಕೆ ಬಂದ ಚೆಂಡನ್ನು ಬ್ಯಾಟ್ಸ್‌ಮನ್ ಏನು ಮಾಡುತ್ತಾನೆ? ಕಟ್ ಮಾಡುತ್ತಾನೆ, ಅಂದರೆ ಬ್ಯಾಟ್ ಅಡ್ಡ ಬೀಸಿ ಪಕ್ಕಕ್ಕೆ ಹೊಡೆಯುತ್ತಾನೆ. ಕಟ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ? ನನ್ನ ಕಡೆಗೆ. ಇಷ್ಟು ಸಣ್ಣ ಲೆಕ್ಕ ನಾನು ಹಾಕಿರಲಿಲ್ಲ.

ನಾಲ್ಕನೇ ಓವರಿನಲ್ಲಿ ಅವರ ಓಪನರ್ ಹಿಂದಿನ ಕಾಲಿನ ಮೇಲೆ ನಿಂತು ಜೋರಾಗಿ ಬೀಸಿದ. ನನಗೆ ಕಂಡಿದ್ದು ಬೌಲರ್ ಕೈ, ಚೆಂಡು ಮ್ಯಾಟಿಗೆ ಬಡಿದಿದ್ದು, ಅಷ್ಟೇ. ಮುಂದಿನದು ಕಾಣಲಿಲ್ಲ. ಬಲಗೈ ಹೆಬ್ಬೆರಳಿನ ಬುಡಕ್ಕೆ ಏನೋ ಬಡಿಯಿತು, ಚೆಂಡು ಕಾಲ ಬಳಿ ಬಿತ್ತು. ಕ್ಯಾಚ್ ಬಿಟ್ಟಿದ್ದು ಅಂತ ಬೌಲರ್ ಮುಖ ನೋಡಿದ ಮೇಲೇ ಗೊತ್ತಾಗಿದ್ದು. ಇನ್ನೊಂದು ಕ್ಯಾಚ್ ಅದೇ ದಿನ ಎಡಗಡೆ ಹೋಯಿತು, ಅದಕ್ಕೆ ಕೈಯೂ ಹೋಗಲಿಲ್ಲ. ಆ ಓಪನರ್ ಕೊನೆವರೆಗೂ ಔಟಾಗಲಿಲ್ಲ. ನಾವು ಸೋತೆವು. ಬೌಲರ್ ನನ್ನ ಗೆಳೆಯ, ಏನೂ ಹೇಳಲಿಲ್ಲ, ಅದೇ ಜಾಸ್ತಿ ನೋವಾಯಿತು.

ಆ ಪಂದ್ಯಕ್ಕೆ ಅಂಪೈರ್ ಆಗಿದ್ದವರು ಶಿರಸಿ ಕಡೆಯ ಒಬ್ಬ ನಿವೃತ್ತ ಮಾಸ್ತರು. ಪಂದ್ಯ ಮುಗಿದ ಮೇಲೆ ಎಲ್ಲರೂ ಚಾ, ಅವಲಕ್ಕಿ ಅಂತ ಹೋದರು. ನಾನು ಬೆರಳಿಗೆ ನೀರು ಹಾಕಿಕೊಳ್ಳುತ್ತಾ ನಿಂತಿದ್ದೆ. ಮಾಸ್ತರು ಹತ್ತಿರ ಬಂದು ಬೆರಳು ಹಿಡಿದು ಮಡಚಿ ನೋಡಿ, "ಮುರಿದಿಲ್ಲೆ. ಮಾಣಿ, ನೀ ಎಂತಾ ನೋಡ್ತಾ ಇದ್ದೆ ಅಲ್ಲಿ ನಿಂತಕಂಡು?" ಅಂತ ಕೇಳಿದರು.

"ಚೆಂಡು ನೋಡ್ತಾ ಇದ್ದೆ ಮಾಸ್ತರೇ."

"ಬಾಲ್ ನೋಡಡ. ಬ್ಯಾಟ್ ನೋಡು."

ಚೆಂಡು ನೋಡಬೇಡ ಅಂದರೆ ಏನು ಅಂತ ನನಗೆ ಅರ್ಥವಾಗಲಿಲ್ಲ. ಚಿಕ್ಕಂದಿನಿಂದ ಎಲ್ಲರೂ ಹೇಳಿಕೊಟ್ಟಿದ್ದು ಚೆಂಡಿನ ಮೇಲೆ ಕಣ್ಣಿಡು ಅಂತ. ಅವರು ನನ್ನನ್ನು ಮ್ಯಾಟ್ ಹತ್ತಿರ ಕರೆದುಕೊಂಡು ಹೋದರು. ಇನ್ನೂ ಬಿಚ್ಚಿರಲಿಲ್ಲ. ಕೈಗೆ ಬ್ಯಾಟ್ ಕೊಟ್ಟು ಕ್ರೀಸಿನಲ್ಲಿ ನಿಲ್ಲಿಸಿದರು. ತಾವು ಐದಾರು ಹೆಜ್ಜೆ ದೂರದಿಂದ ಕೆಳಗೈಯಲ್ಲಿ ಚೆಂಡು ಎಸೆಯುತ್ತಾ ಹೋದರು, ಎಲ್ಲಾ ಆಫ್ ಸ್ಟಂಪಿನ (ನನ್ನ ಮೈ ಮುಖ ಮಾಡಿದ ಬದಿಯ ಸ್ಟಂಪು) ಹೊರಗೆ, ಸೊಂಟದ ಎತ್ತರಕ್ಕೆ. ನಾನು ಕಟ್ ಮಾಡಬೇಕು. ಚೆಂಡು ಹೋದ ದಿಕ್ಕಿನಲ್ಲಿ ನಮ್ಮ ವಿಕೆಟ್ ಕೀಪರ್ ಒಂದೊಂದು ಚಿರೇಕಲ್ಲಿನ ಚೂರು ಇಡುತ್ತಾ ಹೋದ. ಇಪ್ಪತ್ತೈದು ಮೂವತ್ತು ಚೆಂಡು ಆದ ಮೇಲೆ ಮಾಸ್ತರು ನಿಲ್ಲಿಸಿ, ಈಗ ನೋಡು ಅಂದರು.

ಕಲ್ಲುಗಳು ಬೀಸಣಿಗೆ ಥರ ಹರಡಿದ್ದವು. ಪಾಯಿಂಟಿನಿಂದ ಹಿಡಿದು ಸ್ಲಿಪ್ ತನಕ. ಆದರೆ ಸಮನಾಗಿ ಹರಡಿರಲಿಲ್ಲ. ಒಂದು ಕಡೆ ಏಳೆಂಟು ಕಲ್ಲು ಒತ್ತೊತ್ತಾಗಿ ಬಿದ್ದಿದ್ದವು. ನಾನು ಬೆಳಿಗ್ಗೆ ನಿಂತಿದ್ದ ಜಾಗ ಅದಕ್ಕಿಂತ ಎರಡೂವರೆ ಹೆಜ್ಜೆ ಪಾಯಿಂಟ್ ಕಡೆಗಿತ್ತು. ಮಾಸ್ತರು ಬ್ಯಾಟನ್ನು ನನ್ನ ಕೈಯಲ್ಲೇ ಹಿಡಿಸಿ, ಅದರ ಮುಖವನ್ನು ನಿಧಾನಕ್ಕೆ ತಿರುಗಿಸಿದರು. ಮುಖ ನೇರ ಪಕ್ಕಕ್ಕೆ ನೋಡಿದರೆ ಚೆಂಡು ಪಾಯಿಂಟಿಗೆ. ಸ್ವಲ್ಪ ತೆರೆದರೆ, ನಾಲ್ಕು ಬೆರಳಿನಷ್ಟು ತಿರುಗಿದರೂ ಸಾಕು, ಚೆಂಡು ಆ ಏಳೆಂಟು ಕಲ್ಲಿನ ಕಡೆಗೆ. ಇನ್ನೂ ತೆರೆದರೆ ಸ್ಲಿಪ್ ಹಿಂದೆ ಬೌಂಡರಿ ಕಡೆಯ ಥರ್ಡ್ ಮ್ಯಾನ್. "ಬ್ಯಾಟಿನ ಮುಖ ಯಾವ ದಿಕ್ಕಿಗೆ ನೋಡ್ತೋ ನಿನ್ನ ಕೈ ಆ ದಿಕ್ಕಿಗೆ ಮೊದಲೇ ಹೊರಟಿರಕ್ಕು" ಅಂದರು. ಅಷ್ಟೇ ಅವರು ಹೇಳಿಕೊಟ್ಟಿದ್ದು. ಆಮೇಲೆ ಚಾ ಕುಡಿಯಲು ಹೋದರು.

ವಾಪಸ್ ಬರುವಾಗ ಟೆಂಪೋದಲ್ಲಿ ನಾನು ಒಂದು ಲೆಕ್ಕ ಹಾಕಿದೆ. ಜೋರಾಗಿ ಕಟ್ ಮಾಡಿದ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟಿತು ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನಾನು ನಿಂತಿರುವುದು ಬ್ಯಾಟಿನಿಂದ 10 ಮೀಟರ್ ದೂರ. ನನಗೆ ಸಿಗುವುದು ಒಂದು ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ಒಂಚೂರು ಜಾಸ್ತಿ. ಅಷ್ಟರಲ್ಲಿ ಚೆಂಡು ಎಲ್ಲಿದೆ ಅಂತ ಹುಡುಕಿ, ನಿರ್ಧಾರ ಮಾಡಿ, ಕೈ ಕಳಿಸುವುದು ಆಗದ ಮಾತು. ಆದರೆ ಬ್ಯಾಟ್ ಮೇಲೆ ಹೋಗಿ ಕೆಳಗೆ ಬರುವ ಹೊತ್ತು ಇದೆಯಲ್ಲ, ಅದನ್ನೂ ಸೇರಿಸಿಕೊಂಡರೆ ಸಮಯ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಮಾಸ್ತರು ಹೇಳಿದ್ದು ಇದನ್ನೇ.

ಮೊದಲ ಸ್ಲಿಪ್‌ನವನಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನು ಕೀಪರ್ ಪಕ್ಕದಲ್ಲಿ, ಚೆಂಡು ಬರುವ ದಾರಿಗೆ ಮುಖ ಮಾಡಿ ನಿಂತಿರುತ್ತಾನೆ. ಬೌಲರ್ ಕೈಯಿಂದಲೇ ಚೆಂಡನ್ನು ಹಿಂಬಾಲಿಸಬಹುದು, ಹಿಂಬಾಲಿಸಬೇಕು. ನಮ್ಮ ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು, ಬಹಳಷ್ಟು ಸ್ಲಿಪ್‌ನಲ್ಲೇ. ಅವರು ನಿಲ್ಲುವುದನ್ನು ನೋಡಿ ನಾನು ಹಾಗೇ ನಿಲ್ಲುತ್ತಿದ್ದೆ. ಮೈ ನಿಲ್ಲಿಸುವ ರೀತಿ ಕಲಿಯಲು ಅದು ಒಳ್ಳೆಯದೇ, ಅಷ್ಟು ಶಾಂತವಾಗಿ ಯಾರು ನಿಲ್ಲುತ್ತಾರೆ ಹೇಳಿ. ಆದರೆ ಕಣ್ಣಿನ ಕೆಲಸ ಗಲ್ಲಿಯಲ್ಲಿ ಬೇರೆ. ಗಲ್ಲಿಯವನು ಚೆಂಡಿನ ದಾರಿಗೆ ಪಕ್ಕದಲ್ಲಿ ಇರುತ್ತಾನೆ. ಚೆಂಡು ಅವನ ಕಣ್ಣೆದುರು ಬಲದಿಂದ ಎಡಕ್ಕೆ ಗೆರೆ ಎಳೆದ ಹಾಗೆ ಹೋಗುತ್ತದೆ. ಅದನ್ನು ಹಿಂಬಾಲಿಸಿದರೆ ಕಣ್ಣು ಓಡುತ್ತಿರುತ್ತದೆ, ಓಡುವ ಕಣ್ಣಿಗೆ ತಟ್ಟನೆ ತಿರುಗಿ ತನ್ನ ಕಡೆ ಬರುವ ಚೆಂಡು ಕಾಣುವುದಿಲ್ಲ.

ಹಾಗಾದರೆ ಎಲ್ಲಿ ನೋಡುವುದು? ನಾನು ಮಾಡುತ್ತಿದ್ದಿದ್ದು ಹೀಗೆ. ಬೌಲರ್ ಓಡಿ ಬರುವಾಗ ಬ್ಯಾಟ್ಸ್‌ಮನ್ನಿನ ಕೈಗಳನ್ನು ನೋಡುತ್ತಿದ್ದೆ. ಬೌಲರ್ ಜಿಗಿಯುವುದು ಕಣ್ಣಿನ ಬಲ ಅಂಚಿನಲ್ಲಿ ಕಾಣುತ್ತದೆ, ಆಗ ಕುಳಿತುಕೊಳ್ಳುವ ಹಾಗೆ ಮೈ ಇಳಿಸುತ್ತಿದ್ದೆ. ಆಮೇಲೆ ಕಣ್ಣು ಆಫ್ ಸ್ಟಂಪಿನ ಹೊರಗೆ ಒಂದು ಮೊಳ ದೂರದ ಖಾಲಿ ಜಾಗದ ಮೇಲೆ. ಬ್ಯಾಟ್ ಬಂದರೆ ಅಲ್ಲಿಗೇ ಬರಬೇಕು. ಖಾಲಿ ಜಾಗ ನೋಡುತ್ತಾ ಇರುವುದು ಮೊದಮೊದಲು ತುಂಬಾ ಕಷ್ಟ, ಕಣ್ಣು ತಾನಾಗೇ ಚೆಂಡಿನ ಕಡೆ ಎಳೆಯುತ್ತದೆ. ಎರಡು ತಿಂಗಳು ಹಿಡಿಯಿತು ನನಗೆ.

ಅಭ್ಯಾಸಕ್ಕೆ ಮೈದಾನ ಬೇಕಾಗಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ಮೈದಾನದ ಮುಖ ನೋಡುವ ಹಾಗೂ ಇಲ್ಲ. ನಮ್ಮ ಮನೆ ಹಿಂದೆ ಗಿಲಾವು ಮಾಡದ ಚಿರೇಕಲ್ಲಿನ ಗೋಡೆ ಇತ್ತು, ಮೇಲೆ ಸೋಗೆ ಇಳಿಸಿದ್ದರಿಂದ ಮಳೆ ನೀರು ಬೀಳುತ್ತಿರಲಿಲ್ಲ. ಚಿರೇಕಲ್ಲು ನೋಡಿದವರಿಗೆ ಗೊತ್ತು, ಮೈ ತುಂಬಾ ತೂತು, ಉಬ್ಬು ತಗ್ಗು. ಅದಕ್ಕೆ ಟೆನಿಸ್ ಬಾಲ್ ಹೊಡೆದರೆ ಎಲ್ಲಿಗೆ ವಾಪಸ್ ಬರುತ್ತದೆ ಅಂತ ಹೇಳಲಾಗುವುದಿಲ್ಲ. ನಾನು ಗೋಡೆಗೆ ಮುಖ ಮಾಡಿ ನಾಲ್ಕು ಹೆಜ್ಜೆ ದೂರದಲ್ಲಿ ಕುಕ್ಕರಿಸಿ ನಿಲ್ಲುತ್ತಿದ್ದೆ, ನನ್ನ ಬೆನ್ನ ಹಿಂದಿನಿಂದ ಚಿಕ್ಕಪ್ಪನ ಮಗ ಗೋಡೆಗೆ ಬೀಸಿ ಎಸೆಯುತ್ತಿದ್ದ. ಅವನು ಯಾವಾಗ ಎಸೆಯುತ್ತಾನೆ ಗೊತ್ತಿಲ್ಲ, ಗೋಡೆ ಯಾವ ಕಡೆ ತಳ್ಳುತ್ತದೆ ಗೊತ್ತಿಲ್ಲ. ಒಂದು ಸಂಜೆಗೆ ನೂರು. ಸಿಮೆಂಟ್ ಗೋಡೆಗೆ ಹೊಡೆದರೆ ಈ ಲಾಭ ಇಲ್ಲ, ಅದು ಚೆಂಡನ್ನು ನೀಟಾಗಿ ವಾಪಸ್ ಕೊಡುತ್ತದೆ. ನನ್ನ ಕೈ ತಯಾರಾಗಿದ್ದು ಆ ತೂತು ಕಲ್ಲಿನಿಂದಲೇ ಅಂತ ಈಗಲೂ ನಂಬಿದ್ದೇನೆ.

ಕೈಯ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಸೊಂಟದ ಕೆಳಗೆ ಬಂದರೆ ಬೆರಳು ನೆಲಕ್ಕೆ, ಕತ್ತಿನ ಮೇಲೆ ಬಂದರೆ ಬೆರಳು ಆಕಾಶಕ್ಕೆ, ಇದು ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಎದೆ ಮಟ್ಟದಲ್ಲಿ. ಎರಡರಲ್ಲಿ ಯಾವುದು ಅಂತ ಯೋಚಿಸುವಷ್ಟರಲ್ಲಿ ಹೆಬ್ಬೆರಳಿಗೆ ಬಡಿದಿರುತ್ತದೆ, ಶಿರಸಿಯಲ್ಲಿ ನನಗೆ ಆಗಿದ್ದು ಅದೇ. ಅದಕ್ಕೆ ನಾನು ಕಂಡುಕೊಂಡ ದಾರಿ ಇನ್ನೂ ಕೆಳಗೆ ಇಳಿದು ನಿಲ್ಲುವುದು. ತೊಡೆ ನೆಲಕ್ಕೆ ಹೆಚ್ಚುಕಡಿಮೆ ಸಮ ಆಗುವಷ್ಟು. ಆಗ ನಿಂತವನ ಎದೆ ಮಟ್ಟದ ಚೆಂಡು ಕೂತವನ ತಲೆಯ ಮೇಲೆ ಬರುತ್ತದೆ, ಬೆರಳು ಮೇಲೆ ಮಾಡಿದರಾಯಿತು. ಕೂತವನು ಮೇಲೆ ಏಳುವುದು ಸುಲಭ. ನಿಂತವನು ಕೆಳಗೆ ಬೀಳುವುದು ತಡ. ಕೈ ಮೊಣಕಾಲಿನ ಮೇಲೆ ಊರಿ ಮಾತ್ರ ನಿಲ್ಲಬೇಡಿ, ಅಲ್ಲಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಚೆಂಡು ಬಂದಾಗಿರುತ್ತದೆ.

ಇನ್ನೊಂದು ಚಟ ಬಿಡಿಸಬೇಕಾಯಿತು. ಪಾಯಿಂಟಿನವರು ಬೌಲರ್ ಜೊತೆ ಎರಡು ಹೆಜ್ಜೆ ಮುಂದೆ ನಡೆದು ಬರುತ್ತಾರಲ್ಲ, ಬೀಚಿನ ಕ್ರಿಕೆಟ್ಟಿನಿಂದ ನನಗೂ ಅದು ಬಂದಿತ್ತು. ಗಲ್ಲಿಯಲ್ಲಿ ಹಾಗೆ ಮಾಡಬಾರದು. ಚೆಂಡು ಆಟಕ್ಕೆ ಬಂದ ಮೇಲೆ ಬ್ಯಾಟ್ಸ್‌ಮನ್ನಿಗೆ ತಲುಪುವ ತನಕ ಹತ್ತಿರದ ಫೀಲ್ಡರುಗಳು ಸಣ್ಣಪುಟ್ಟ ಹೊಂದಾಣಿಕೆ ಬಿಟ್ಟು ಜಾಗ ಬದಲಿಸುವ ಹಾಗಿಲ್ಲ, ನಿಯಮ 28ರಲ್ಲೇ ಇದೆ. ಬ್ಯಾಟ್ಸ್‌ಮನ್ ಹೊಡೆಯಲು ಹೊರಟಿದ್ದನ್ನು ನೋಡಿ ಸರಿದರೆ ಅದಕ್ಕೆ ಅಡ್ಡಿ ಇಲ್ಲ. ನಿಯಮ ಒಂದು ಕಡೆ ಇರಲಿ, ನಡೆಯುತ್ತಿರುವವನ ಒಂದು ಕಾಲು ಗಾಳಿಯಲ್ಲಿ ಇರುತ್ತದೆ. ಆ ಕ್ಷಣಕ್ಕೇ ಎಡ್ಜ್, ಅಂದರೆ ಬ್ಯಾಟಿನ ಅಂಚಿಗೆ ತಾಗಿದ ಚೆಂಡು, ಬಂದರೆ ಯಾವ ಕಡೆಗೂ ಜಿಗಿಯಲಾಗುವುದಿಲ್ಲ.

ಈಗ ಎಲ್ಲಿ ನಿಲ್ಲಬೇಕು ಅನ್ನುವ ಮಾತಿಗೆ ಬರುತ್ತೇನೆ, ನನಗೆ ಹೆಚ್ಚು ಇಷ್ಟದ ಭಾಗ ಇದು. ಓವರ್ ಬದಲಾದಾಗ ನಾನು ನೇರ ನನ್ನ ಜಾಗಕ್ಕೆ ಹೋಗುತ್ತಿರಲಿಲ್ಲ. ಕ್ರೀಸಿನ ಹತ್ತಿರ ಹಾದು ಹೋಗುತ್ತಿದ್ದೆ. ಕ್ರೀಸ್ ಗೆರೆಯನ್ನು ಆಫ್ ಕಡೆಗೆ ಮನಸ್ಸಿನಲ್ಲೇ ಉದ್ದ ಮಾಡಿದರೆ ಅದು ಪಾಯಿಂಟ್. ಆ ಗೆರೆಗೂ ಕೊನೆಯ ಸ್ಲಿಪ್‌ಗೂ ನಡುವೆ ನಿಂತು ನೋಡುತ್ತಿದ್ದೆ. ಎರಡೇ ಸ್ಲಿಪ್ ಇದ್ದರೆ ಸಂದಿ ದೊಡ್ಡದು, ಆಗ ಸ್ಲಿಪ್ ಕಡೆಗೆ ಒಂದು ಹೆಜ್ಜೆ. ಮೂರು ಇದ್ದರೆ ಪಾಯಿಂಟ್ ಕಡೆಗೆ. ದೂರ ತಿಳಿಯುವುದಕ್ಕೆ ಕೀಪರ್ ಕೈ ನೋಡಬೇಕು. ಬ್ಯಾಟಿಗೆ ತಾಗದೆ ಹೋದ ಚೆಂಡನ್ನು ಅವನು ಸೊಂಟದ ಎತ್ತರದಲ್ಲಿ ಹಿಡಿದರೆ ನಮ್ಮ ದೂರ ಸರಿ ಇದೆ. ಮೊಣಕಾಲಿನ ಹತ್ತಿರ ಹಿಡಿಯುತ್ತಿದ್ದರೆ ಪಿಚ್ ಸತ್ತಿದೆ, ಎರಡು ಹೆಜ್ಜೆ ಒಳಗೆ ಬರಬೇಕು. ಹೊಸ ಚೆಂಡಿಗೆ ನಮ್ಮ ಮಟ್ಟದ ಬೌಲರುಗಳಿಗೆ ಹನ್ನೊಂದು ಹನ್ನೆರಡು ಹೆಜ್ಜೆ, ಚೆಂಡು ಹಳತಾದ ಮೇಲೆ ಒಂಬತ್ತು ಹತ್ತು.

ಬ್ಯಾಟ್ಸ್‌ಮನ್ನನ್ನೂ ಓದಬೇಕು. ಕೆಳಗಿನ ಕೈ ಗಟ್ಟಿ ಹಿಡಿದು ಚೆಂಡಿನ ಕಡೆ ತಳ್ಳುವವನ ಎಡ್ಜ್ ದೂರ ಹಾರುತ್ತದೆ. ಕೈ ಸಡಿಲ ಬಿಟ್ಟು ಚೆಂಡು ಹತ್ತಿರ ಬರುವ ತನಕ ಕಾಯುವವನ ಎಡ್ಜ್ ಎದುರಿಗೇ ಬೀಳುತ್ತದೆ, ಅಂಥವನಿಗೆ ಹತ್ತಿರ ಬರಬೇಕು, ಭಯವಾದರೂ ಬರಬೇಕು. ಲೆಗ್ ಕಡೆ, ಅಂದರೆ ಬೆನ್ನಿನ ಬದಿಗೆ, ಎಳೆಯಲು ಹೋಗಿ ಬ್ಯಾಟ್ ಮೊದಲೇ ತಿರುಗಿಸುವವರು ಇರುತ್ತಾರೆ. ಅವರ ಚೆಂಡು ಮುಂದಿನ ಅಂಚಿಗೆ ತಾಗಿ ಮೆತ್ತಗೆ ಆಫ್ ಕಡೆ ಎದ್ದು ಬರುತ್ತದೆ, ನಿಧಾನ ಅಂತ ಮೈ ಮರೆತರೆ ಅದೇ ಬಿಟ್ಟುಹೋಗುತ್ತದೆ. ಬ್ಯಾಟಿನ ಮುಖ ತೆರೆದು ಸವರಿ ಹೊಡೆದಿದ್ದು ಗಾಳಿಯಲ್ಲಿ ನನ್ನ ಎಡಕ್ಕೆ, ಅಂದರೆ ಸ್ಲಿಪ್ ಕಡೆಗೆ ಸರಿಯುತ್ತದೆ. ಎಡಗೈ ಬ್ಯಾಟ್ಸ್‌ಮನ್ ಬಂದರೆ ಇದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ಬಲಕ್ಕೆ.

ಕಾರವಾರದಲ್ಲಿ ಇವೆಲ್ಲದರ ಮೇಲೆ ಗಾಳಿ. ನಾವು ಆಡುತ್ತಿದ್ದ ಮೈದಾನ ಕಡಲಿಗೆ ಹತ್ತಿರ, ಪಿಚ್ ಉತ್ತರ ದಕ್ಷಿಣ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಪಶ್ಚಿಮದಿಂದ ಕಡಲ ಗಾಳಿ ಏಳುತ್ತದೆ, ಬೀಚಿನ ಗಾಳಿಮರಗಳು ಸದ್ದು ಮಾಡಲು ಶುರು ಮಾಡಿದರೆ ಗೊತ್ತಾಗುತ್ತಿತ್ತು. ಉತ್ತರದ ತುದಿಯಿಂದ ಬೌಲ್ ಮಾಡುವಾಗ ಬಲಗೈ ಬ್ಯಾಟ್ಸ್‌ಮನ್ನಿಗೆ ಆಫ್ ಕಡೆ ಅಂದರೆ ಪೂರ್ವ. ಗಾಳಿ ಚೆಂಡನ್ನು ಅವನಿಂದ ಹೊರಕ್ಕೆ ತಳ್ಳುತ್ತದೆ. ಔಟ್‌ಸ್ವಿಂಗ್ ಹಾಕುವವನಿಗೆ ಹಬ್ಬ, ಗಲ್ಲಿಯವನಿಗೆ ಕೈ ತುಂಬಾ ಕೆಲಸ. ದಕ್ಷಿಣದ ತುದಿಯಿಂದ ಹಾಕಿದರೆ ಅದೇ ಗಾಳಿ ಚೆಂಡನ್ನು ಒಳಕ್ಕೆ ತರುತ್ತದೆ, ಎಡ್ಜ್ ಕಡಿಮೆ. ಇದು ಗೊತ್ತಾದ ಮೇಲೆ ಕ್ಯಾಪ್ಟನ್ನಿಗೆ ಹೇಳಿ ಮಧ್ಯಾಹ್ನದ ಮೇಲೆ ಆ ತುದಿಗೆ ಗಲ್ಲಿ ತೆಗೆಸಿ ಕವರ್‌ಗೆ ಒಬ್ಬರನ್ನು ಜಾಸ್ತಿ ಮಾಡುತ್ತಿದ್ದೆವು. ಕೆಲಸ ಜಾಸ್ತಿ ಇರುವ ತುದಿಯಲ್ಲೇ ಇನ್ನೊಂದು ತೊಂದರೆ ಇದೆ, ಗಲ್ಲಿಯವನ ಮುಖ ಪಶ್ಚಿಮಕ್ಕೆ. ನಾಲ್ಕೂವರೆ ಆದ ಮೇಲೆ ಸೂರ್ಯ ಕಡಲ ಮೇಲೆ ಇಳಿದು ನೇರ ಕಣ್ಣಿಗೆ. ಟೋಪಿಯ ಅಂಚು ಹುಬ್ಬಿನ ತನಕ ಎಳೆದು, ತಲೆ ಒಂಚೂರು ಎಡಕ್ಕೆ ವಾಲಿಸಿ, ಬ್ಯಾಟ್ಸ್‌ಮನ್ನಿನ ಮೈ ಸೂರ್ಯನಿಗೆ ಅಡ್ಡ ಬರುವ ಹಾಗೆ ಅರ್ಧ ಹೆಜ್ಜೆ ಸರಿದು ನಿಲ್ಲುತ್ತಿದ್ದೆ. ಅರ್ಧ ಹೆಜ್ಜೆ ಸಾಕಾಗುತ್ತಿತ್ತು.

ಮೊದಲ ಒಳ್ಳೆಯ ಕ್ಯಾಚ್ ಅದೇ ತುದಿಯಲ್ಲಿ ಸಿಕ್ಕಿತು, ಶಿರಸಿ ಪಂದ್ಯ ಆಗಿ ಹತ್ತು ತಿಂಗಳ ಮೇಲೆ, ದೀಪಾವಳಿ ಕಳೆದ ಭಾನುವಾರ. ಬೌಲರ್ ಅದೇ ಗೆಳೆಯ. ಚೆಂಡು ಹೊರಗಿತ್ತು, ಬ್ಯಾಟ್ ಮೇಲೆ ಹೋಯಿತು. ಬ್ಯಾಟ್ ಇಳಿಯುವಾಗ ಅದರ ಮುಖದ ಮೇಲಿನ ಕೆಂಪು ಚೆಂಡಿನ ಗುರುತುಗಳು ನನಗೆ ಕಂಡವು. ಅಷ್ಟು ಕಂಡಿತು ಅಂದರೆ ಮುಖ ನನ್ನ ಕಡೆ ತಿರುಗಿದೆ ಅಂತ ಅರ್ಥ. ನಾನು ಯೋಚನೆ ಮಾಡಲಿಲ್ಲ, ಮೈ ಎಡಕ್ಕೆ ಹೊರಟಿತ್ತು. ಚೆಂಡು ಎರಡೂ ಅಂಗೈ ನಡುವೆ, ನೆಲದಿಂದ ಒಂದು ಗೇಣು ಮೇಲೆ, ಸದ್ದೇ ಇಲ್ಲದ ಹಾಗೆ ಬಂದು ಕೂತಿತು. ಹಿಡಿತ ಸರಿಯಾಗಿ ಬಿದ್ದರೆ ಲೆದರ್ ಬಾಲ್ ನೋಯುವುದಿಲ್ಲ ಅಂತ ಕೇಳಿದ್ದೆ, ಅವತ್ತು ಗೊತ್ತಾಯಿತು. ಗೆಳೆಯ ಓಡಿ ಬಂದು ನನ್ನನ್ನು ಎತ್ತಿಕೊಂಡ. ಶಿರಸಿಯ ಆ ದಿನ ಅವನು ಸುಮ್ಮನಿದ್ದಿದ್ದಕ್ಕೆ ನಾನು ಇಷ್ಟು ದಿನ ಹೊತ್ತುಕೊಂಡಿದ್ದ ಭಾರ ಇಳಿಯಿತು.

ನೆಲಕ್ಕೆ ಹತ್ತಿರದ ಕ್ಯಾಚ್ ಅಂದರೆ 2023ರ ಜೂನ್ ನೆನಪಾಗುತ್ತದೆ. ಓವಲ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್, ಆಸ್ಟ್ರೇಲಿಯಾದ ಬೋಲ್ಯಾಂಡ್ ಬೌಲಿಂಗಿನಲ್ಲಿ ಶುಭ್‌ಮನ್ ಗಿಲ್ ಎಡ್ಜ್ ಮಾಡಿದ್ದನ್ನು ಕ್ಯಾಮರೂನ್ ಗ್ರೀನ್ ಎಡಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದಿದ್ದು. ಮೂರನೇ ಅಂಪೈರ್ ಔಟ್ ಕೊಟ್ಟರು, ಚೆಂಡು ನೆಲಕ್ಕೆ ತಾಗಿತ್ತೋ ಇಲ್ಲವೋ ಅಂತ ನಮ್ಮಲ್ಲಿ ವಾರಗಟ್ಟಲೆ ಜಗಳ ನಡೆಯಿತು. ನನಗೆ ಗಿಲ್ ಔಟಾಗಿದ್ದು ಬೇಜಾರೇ. ಆದರೆ ಅಂಥ ಕ್ಯಾಚ್ ಹಿಡಿದವನಿಗೆ ಗೊತ್ತಾಗುವುದು ಬೆರಳಿನ ಹಿಂಬದಿಯಿಂದ. ಬೆರಳಿನ ಗೆಣ್ಣುಗಳಿಗೆ ಹುಲ್ಲು ತರಚುತ್ತದೆ, ಚೆಂಡು ಅದರ ಮೇಲೆ ಇರುತ್ತದೆ. ಕ್ಯಾಮೆರಾ ಮುಂದಿನಿಂದ ನೋಡಿದಾಗ ಬೆರಳು ಹುಲ್ಲಿನಲ್ಲಿ ಮುಳುಗಿ ಚೆಂಡು ನೆಲದ ಮೇಲೆ ಇದ್ದ ಹಾಗೆ ಕಾಣುತ್ತದೆ. ಅಲ್ಲಿ ನಿಂತವರಿಗೆ ಆ ವ್ಯತ್ಯಾಸ ಗೊತ್ತು.

ನಾನು ಅತಿ ಹೆಚ್ಚು ಸಲ ನೋಡಿದ ಕ್ಯಾಚ್ ಬೇರೆ. 2015ರ ಆಗಸ್ಟ್ 6, ಟ್ರೆಂಟ್‌ಬ್ರಿಜ್. ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ 15 ರನ್ನಿಗೆ 8 ವಿಕೆಟ್ ತೆಗೆದು ಆಸ್ಟ್ರೇಲಿಯಾ 60 ರನ್ನಿಗೆ ಆಲೌಟ್ ಆದ ದಿನ. ಬೆನ್ ಸ್ಟೋಕ್ಸ್ ಐದನೇ ಸ್ಲಿಪ್‌ನಲ್ಲಿ, ಅಂದರೆ ಗಲ್ಲಿಯ ಬಾಗಿಲಲ್ಲಿ ನಿಂತಿದ್ದರು. ಆಸ್ಟ್ರೇಲಿಯಾದ ವೋಜಸ್ ಎಡ್ಜ್ ಅವರನ್ನು ದಾಟಿ ಹೋಗಿತ್ತು ಅಂತಲೇ ಅನಿಸುತ್ತದೆ, ಅಷ್ಟು ಹಿಂದಕ್ಕೆ ಬಲಗೈ ಚಾಚಿ ಹಿಡಿದರು. ಬ್ರಾಡ್ ಬಾಯಿಗೆ ಕೈ ಇಟ್ಟುಕೊಂಡಿದ್ದು ಎಲ್ಲರಿಗೂ ನೆನಪಿದೆ. ನಾನು ಪ್ರತಿ ಸಲ ನಿಲ್ಲಿಸಿ ನೋಡುವುದು ಅದಕ್ಕಿಂತ ಸ್ವಲ್ಪ ಹಿಂದಿನದು, ಚೆಂಡು ತಾಗುವ ಹೊತ್ತಿನಲ್ಲಿ ಸ್ಟೋಕ್ಸ್ ಕಾಲುಗಳು. ಎರಡೂ ನೆಲದ ಮೇಲೆ ಇವೆ.

ಪಕ್ಕದವರ ಜೊತೆ ಮಾತು ಮೊದಲೇ ಆಗಿರಬೇಕು. ಇದನ್ನು ಬಿಟ್ಟರೆ ಬೆರಳು, ಹಲ್ಲು ಎರಡೂ ಹೋಗುತ್ತವೆ. ಸ್ಲಿಪ್‌ಗೂ ಗಲ್ಲಿಗೂ ನಡುವೆ ಬಂದಿದ್ದು ಯಾರದು? ನಮ್ಮ ತಂಡದಲ್ಲಿ ಮಾಡಿಕೊಂಡಿದ್ದು ಹೀಗೆ. ಇಬ್ಬರೂ ಪಕ್ಕಕ್ಕೆ ಕೈ ಚಾಚಬೇಕು, ಬೆರಳ ತುದಿಗಳ ನಡುವೆ ಒಂದು ಮೊಳ ಅಂತರ ಉಳಿಯುವ ಹಾಗೆ ನಿಲ್ಲಬೇಕು. ಎತ್ತರದ ಚೆಂಡು ಸ್ಲಿಪ್‌ನವನದು, ಅವನು ಹಿಂದೆ ಇರುತ್ತಾನೆ, ಸಮಯ ಹೆಚ್ಚು. ಮೊಣಕಾಲಿನ ಕೆಳಗಿನದು ಗಲ್ಲಿಯವನದು. ಕೂಗುವಷ್ಟು ಪುರುಸೊತ್ತು ಸಿಗುವುದಿಲ್ಲ, ಅದಕ್ಕೇ ಮೊದಲೇ ಮಾತಾಡಿಕೊಳ್ಳುವುದು.

ಭಯದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಯಾರೂ ಹೇಳುವುದಿಲ್ಲ. ಅಷ್ಟು ಹತ್ತಿರ ನಿಂತಾಗ ಭಯ ಆಗುತ್ತದೆ. ಜೋರಾಗಿ ಬೀಸಿದ ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತದೆ, ಮುಖ ಪಕ್ಕಕ್ಕೆ ತಿರುಗುತ್ತದೆ. ತಿರುಗಿದ ಮುಖಕ್ಕೇ ಏಟು ಬೀಳುವುದು, ಕಿವಿಗೆ, ದವಡೆಗೆ. ನೇರ ನೋಡುತ್ತಿದ್ದರೆ ಕೈ ತಾನಾಗೇ ಮುಖಕ್ಕೆ ಅಡ್ಡ ಬರುತ್ತದೆ. ನನಗೆ ಒಮ್ಮೆ ಹುಬ್ಬಿನ ಮೇಲೆ ಬಿದ್ದು ನಾಲ್ಕು ಹೊಲಿಗೆ ಹಾಕಿಸಿಕೊಂಡೆ. ಆಮೇಲೆ ಮೂರು ಪಂದ್ಯ ದೂರ ನಿಂತೆ. ವಾಪಸ್ ಬಂದಿದ್ದು ಚಿರೇಕಲ್ಲಿನ ಗೋಡೆಯಿಂದಲೇ, ಮತ್ತೆ ಟೆನಿಸ್ ಬಾಲ್, ಮತ್ತೆ ನಾಲ್ಕು ಹೆಜ್ಜೆ, ಕಣ್ಣು ಮುಚ್ಚದೆ ನೂರು ಆಗುವ ತನಕ ಎಣಿಸುವುದು.

ಆಡುವುದು ನಿಂತು ಕೆಲವು ವರ್ಷ ಆಯಿತು, ಮೊಣಕಾಲು ಅಷ್ಟು ಕೆಳಗೆ ಇಳಿಯುವುದಿಲ್ಲ. ಈಗ ಭಾನುವಾರ ನಮ್ಮ ಕೇರಿಯ ಹುಡುಗರ ಜೊತೆ ಮೈದಾನಕ್ಕೆ ಹೋಗುತ್ತೇನೆ. ಹೋದ ತಿಂಗಳು ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮೊಬೈಲಿನಲ್ಲಿ ಫೀಲ್ಡಿಂಗ್ ಚಿತ್ರ ತೋರಿಸಿ, "ಅಣ್ಣ, ಗಲ್ಲಿ ಇಲ್ಲೇ ಅಲ್ವಾ, ನಾನು ಎಷ್ಟು ಹೆಜ್ಜೆ ಹೋಗ್ಲಿ?" ಅಂತ ಕೇಳಿದ. ಅದೇ ಮೊಟ್ಟೆಯಾಕಾರ, ಅದೇ ಚುಕ್ಕೆಗಳು. ಮೊಬೈಲ್ ಕಿಸೆಗೆ ಹಾಕಿಸಿ, ಅವನ ಕೈಗೆ ಬ್ಯಾಟ್ ಕೊಟ್ಟು ಕ್ರೀಸಿನಲ್ಲಿ ನಿಲ್ಲಿಸಿದೆ. ಇನ್ನೊಬ್ಬನಿಗೆ ಮೈದಾನದ ಬದಿಯಿಂದ ಚಿರೇಕಲ್ಲಿನ ಚೂರು ಆರಿಸಿಕೊಂಡು ಬಾ ಅಂದೆ. ಮೂವತ್ತು ಬೇಕು ಅಂದೆ.